ಮಣ್ಣಿನ ಮರೆ

ಫೆಬ್ರವರಿ ೪, ಮಂಗಳವಾರ

ಬೆಳಗ್ಗೆ ಬೂಟು ಹಾಕಿಕೊಂಡು ಕಡಲಂಚಿನ ಕೆಸರುಬಯಲಿಗೆ ಹೊರಡುವವಳಿದ್ದೆ, ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ತಂಗಿ. ಒಂದು ಕೈಚೀಲ, ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ.

“ಅಕ್ಕಾ, ಸ್ವಲ್ಪ ದಿನ ಇರ್ಲಾ?”

ಮಾತಾಡುವಾಗ ಕರವಸ್ತ್ರ ಸರಿಯಿತು. ಮೇಲ್ಸಾಲಿನ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. “ಬಿದ್ದೆಯಾ?” ಅಂದುಬಿಟ್ಟೆ.

“ಆರು ವರ್ಷದಿಂದ ಬಿದ್ದೆ ಬಿದ್ದೆ ಅಂತ ಹೇಳಿ ನಂಗೇ ಬೇಜಾರಾಗಿದೆ,” ಅಂದಳು. “ಗಂಡ ಹೊಡೆದ. ಹಾಗಂತಾನೇ ತಿಳ್ಕೋ.”

ಮದುವೆಗೆ ಮುಂಚೆ ಅವಳು ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುತ್ತಿದ್ದಳು. ಎಷ್ಟೋ ಜನರಿಗೆ ನಗು ಮಾಡಿಕೊಟ್ಟವಳ ಬಾಯಿ ಹೀಗಾಗಿದೆ. ಇಳಿತದ ಹೊತ್ತು ತಪ್ಪಿದರೆ ದಿನದ ಕೆಲಸವೇ ಹೋಗುತ್ತದೆ. ಚಹಾ ಕಾಸಿ ಕೊಟ್ಟು, ಮಲಗು ಎಂದು ಹೇಳಿ ಹೊರಟೆ. ಹೊರಗಿನಿಂದ ಬೀಗ ಹಾಕಿದೆ. ಈ ಸಂಶೋಧನಾ ಕೇಂದ್ರದ ಕಡೆ ಯಾರೂ ಸುಳಿಯುವುದಿಲ್ಲ, ಆದರೂ ನಮ್ಮ ಜಾಗ್ರತೆ ನಮಗೆ.

ಬಯಲಿನಲ್ಲಿ ಏಡಿಗಳ ಎಣಿಕೆ ಎರಡು ಸಲ ತಪ್ಪಿತು. ನನಗೆ ಹಾಗಾಗುವುದಿಲ್ಲ.

ಫೆಬ್ರವರಿ ೬, ಗುರುವಾರ

ಅಮ್ಮನ ಫೋನ್. ಅವನು ಅಲ್ಲಿಗೆ ಮೇಲಿಂದ ಮೇಲೆ ಫೋನ್ ಮಾಡಿ, ಹೆಂಡತಿ ಕಾಣಿಸುತ್ತಿಲ್ಲ ಎಂದು ಅತ್ತನಂತೆ. ಅಪ್ಪ ಹೋದಮೇಲೆ ಅಮ್ಮ ಬೇಗ ಗಾಬರಿಯಾಗುತ್ತಾಳೆ. ತಡೆಯಲಾರದೆ ಹೇಳಿದೆ: “ನನ್ನ ಹತ್ರಾನೇ ಇದ್ದಾಳೆ. ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ?” ಅಂದಳು. ಜೀವ ಬಂದಂತಾದ ಮೇಲೆ ಶುರುವಾಯಿತು: “ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ ಕಣೇ.”

“ಇಲ್ಲಿ ಹೋಗಿರೋದು ಮಾತಲ್ಲಮ್ಮ, ಹಲ್ಲು.”

ಅಮ್ಮ ಫೋನ್ ಇಟ್ಟಳು. ತಂಗಿಗೆ ಈ ವಿಷಯ ಹೇಳಲಿಲ್ಲ. ಮೊದಲೇ ಕುಗ್ಗಿದ್ದಾಳೆ.

ಫೆಬ್ರವರಿ ೧೧, ಮಂಗಳವಾರ

ಏಳುತ್ತಾಳೆ, ಗೋಡೆ ನೋಡುತ್ತಾಳೆ, ಮತ್ತೆ ಮಲಗುತ್ತಾಳೆ. ತಟ್ಟೆಯಲ್ಲಿ ಹಾಕಿದ ಅನ್ನ ಹಾಗೆಯೇ ಇರುತ್ತದೆ. ಓದಿದವಳು, ಕೈಯಲ್ಲಿ ಕಸುಬಿದ್ದವಳು, ಆರು ವರ್ಷ ಸಹಿಸಿಕೊಂಡಿದ್ದು ಹೇಗೆ? ನಾನಾಗಿದ್ದರೆ ಮೊದಲ ದಿನವೇ ಬಾಗಿಲು ದಾಟಿರುತ್ತಿದ್ದೆ.

ಫೆಬ್ರವರಿ ೧೫, ಶನಿವಾರ

ನಾನು ಮಣ್ಣಿನಲ್ಲಿ ಮಾಡಿದ ಮರೆಗಳೆಲ್ಲ ಮತ್ತೆ ಉಬ್ಬರದಲ್ಲಿ ಕರಗಿಹೋದವು. ಸಂಜೆ ಮೇಜಿನ ಮುಂದೆ ಕೂತು ಹೊಸದಾಗಿ ತಟ್ಟುತ್ತಿದ್ದಾಗ ತಂಗಿ ಬಂದು ಬಾಗಿಲಿಗೆ ಒರಗಿ ನಿಂತಳು.

“ಏನದು?”

ಬಂದಾಗಿನಿಂದ ಅವಳು ಕೇಳಿದ ಮೊದಲ ಪ್ರಶ್ನೆ. ಆ ಖುಷಿಗೆ ಪಾಠವನ್ನೇ ಒಪ್ಪಿಸಿದೆ. ನಮ್ಮ ಬಯಲಿನ ಏಡಿಗಳಲ್ಲಿ ಗಂಡಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಬಿಲದ ಬಾಯಲ್ಲಿ ನಿಂತು ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತಾನೆ. ಕೆಲವರು ಬಿಲದ ಪಕ್ಕ ಅರ್ಧಚಂದ್ರದಂತೆ ಮಣ್ಣಿನ ಮರೆಯೊಂದನ್ನೂ ಎಬ್ಬಿಸುತ್ತಾರೆ. ಹೆಣ್ಣು ತನ್ನ ಬಿಲ ಬಿಟ್ಟು ಬಟ್ಟಬಯಲಿನಲ್ಲಿ ನಡೆದು, ಒಬ್ಬೊಬ್ಬನನ್ನೇ ನೋಡುತ್ತ ಹೋಗಬೇಕು. ತಲೆಯ ಮೇಲೆ ಹಕ್ಕಿಗಳು ಸುತ್ತುತ್ತಿರುತ್ತವೆ. ಹಕ್ಕಿಯ ಭಯ ಹೆಚ್ಚಾದಾಗ ಅವಳು ಯಾವುದನ್ನು ನೋಡಿ ಹೋಗುತ್ತಾಳೆ, ಬೀಸುವ ಕೈಯನ್ನೋ ಮಣ್ಣಿನ ಮರೆಯನ್ನೋ, ಎಂಬುದು ನನ್ನ ಪ್ರಶ್ನೆ. ಕೆಲವು ಬಿಲಗಳ ಪಕ್ಕ ನಾನೇ ಮರೆ ಮಾಡಿಟ್ಟು, ಭಯ ಹುಟ್ಟಿಸಲು ತಗಡಿನ ಹಕ್ಕಿಯೊಂದನ್ನು ದಾರದ ಮೇಲೆ ಎಳೆಯುತ್ತೇನೆ.

“ಅಯ್ಯೋ ಪಾಪ! ಗಂಡು ನೋಡೋಕೆ ಹೊರಟವಳ ತಲೆ ಮೇಲೆ ಹದ್ದು ಬಿಡೋದಾ ನಿನ್ನ ಕೆಲಸ? ತಾನಂತೂ ಮದುವೆ ಆಗ್ಲಿಲ್ಲ, ಏಡಿಗಳಿಗೂ ಬಿಡಲ್ವಲ್ಲೇ!”

ನಕ್ಕೆ. ಅವಳೂ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನನ್ನ ಮರೆಯನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, “ಇದು ನಿಲ್ಲಲ್ಲ. ಅಚ್ಚು ತೆಗೆದು ಪ್ಲಾಸ್ಟರಲ್ಲಿ ಹುಯ್ಬೇಕು. ಇದ್ಯಾ?” ಅಂದಳು. ಉಗ್ರಾಣದಲ್ಲಿ ಒಂದು ಚೀಲ ಇತ್ತು. ಕತ್ತಲಾಗುವಷ್ಟರಲ್ಲಿ ಮೇಜಿನ ತುಂಬ ಪುಟ್ಟ ಕಿವಿಗಳಂತೆ ಸಾಲು ಸಾಲು ಮರೆಗಳು ಒಣಗುತ್ತಿದ್ದವು. ಮಣ್ಣಿನ ಬಣ್ಣ ಬರಲೆಂದು ಚಹಾದ ಕಷಾಯ ಬಳಿದಿದ್ದಾಳೆ. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಫೆಬ್ರವರಿ ೧೯, ಬುಧವಾರ

ತಂಗಿಯನ್ನು ಬಯಲಿಗೆ ಕರೆದುಕೊಂಡು ಹೋದೆ. ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಾಡಬೇಡ ಅಂದೆ. ಅಲ್ಲಾಡದೆ ಕೂರುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ಲಾಸ್ಟರಿನ ಮರೆ ಗೆದ್ದಿತು. ಮಣ್ಣಿನದಕ್ಕೆ ಬಂದಷ್ಟೇ ಹೆಣ್ಣುಗಳು ಅದಕ್ಕೂ ಬರುತ್ತಿವೆ. ತಗಡಿನ ಹಕ್ಕಿ ಹಾದುಹೋದ ಮೇಲಂತೂ, ಸುತ್ತ ಕೈ ಬೀಸುವವರ ಕಡೆ ತಿರುಗಿಯೂ ನೋಡದೆ ನೇರವಾಗಿ ಮರೆಯತ್ತ ಓಟ.

“ಅದನ್ನ ಕಟ್ಟಿದ್ದು ನಾನು,” ಅಂದಳು ತಂಗಿ ಮೆಲ್ಲಗೆ. “ಹಾಗಾದ್ರೆ ಅವಳು ಅವನನ್ನ ನೋಡಿ ಬರ್ತಿಲ್ಲ.”

“ಬಯಲಲ್ಲಿ ಜೀವಭಯ ಆದಾಗ ಎದ್ದು ನಿಂತಿರೋದು ಏನು ಕಂಡ್ರೂ ಅದರ ಕಡೆ ಓಡ್ತಾಳೆ. ಅಲ್ಲೊಬ್ಬ ಇರ್ತಾನೆ, ಅಷ್ಟೆ. ಅದು ಆಯ್ಕೆಯೋ ಆಸರೆಯೋ ಹೇಳೋದು ಕಷ್ಟ. ನಮ್ಮ ಪ್ರೊಫೆಸರಿಗೂ ನಂಗೂ ಅದೇ ಜಗಳ.”

ಮರೆಯತ್ತ ಹೋಗುವ ಇನ್ನೊಂದು ಹೆಣ್ಣನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಆಮೇಲೆ, “ಅಪ್ಪ ಹೋದ ವರ್ಷಾನೇ ನನ್ನ ಮದುವೆ ಆಯ್ತು,” ಅಂದಳು. “ಅಮ್ಮ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ನೀನು ಇಲ್ಲಿದ್ದೆ. ಅವನು ಬಂದು ಕೆಟ್ಟ ನಲ್ಲಿ ಸರಿಮಾಡಿಕೊಟ್ಟ, ಅಮ್ಮಂಗೆ ಮಾತ್ರೆ ತಂದುಕೊಟ್ಟ. ಎತ್ತರಕ್ಕಿದ್ದ.”

ನಾನು ದುರ್ಬೀನು ಒರೆಸಿದೆ.

“ಒಳಗೆ ಹೋದ್ಮೇಲೆ ಹಿಡಿಸ್ಲಿಲ್ಲ ಅಂದ್ರೆ?”

“ಹೊರಗೆ ಬರ್ತಾಳೆ. ಎಷ್ಟೋ ಬಿಲ ನೋಡಿ ಬಿಟ್ಟು ಹೋಗ್ತಾಳೆ.”

“ಅವನು ಬಿಡ್ತಾನಾ?”

“ಸಾಮಾನ್ಯವಾಗಿ ಬಿಡ್ತಾನೆ. ಕೆಲವು ಜಾತೀಲಿ ಅವಳನ್ನ ಮುಂದೆ ಬಿಟ್ಟು, ತಾನು ಹಿಂದಿನಿಂದ ಬಂದು ಬಾಗಿಲಿಗೆ ಅಡ್ಡ ಕೂರ್ತಾನೆ.”

ಮಧ್ಯಾಹ್ನ ನಾನು ಕಚೇರಿಗೆ ಹೋಗುವಾಗ ಅವಳು ಮಲಗಿದ್ದಳು. ಎಬ್ಬಿಸದೆ, ಬೀಗ ಹಾಕಿಕೊಂಡು ಹೋದೆ.

ಫೆಬ್ರವರಿ ೨೪, ಸೋಮವಾರ

ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದು ತಂಗಿ ಒಬ್ಬಳೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋದಳು. ಜೊತೆಗೆ ಬರುತ್ತೇನೆ ಅಂದರೆ ಬೇಡವೆಂದಳು. ಮಧ್ಯಾಹ್ನಕ್ಕೆ ಬರಬೇಕಾದವಳು ಸಂಜೆ ಬಂದಳು. ನಾನು ಬಸ್‌ಸ್ಟಾಪಿನಲ್ಲಿ ನಿಂತು ನಿಂತು ಕಾಲು ಸೋತು, ಅವಳು ಇಳಿದ ಕೂಡಲೇ ಬೈದೆ. ಬಸ್ಸಿನವರೆಲ್ಲ ನೋಡುತ್ತಿದ್ದರು.

“ಹಲ್ಲಿನ ಡಾಕ್ಟರ ಪಕ್ಕದಲ್ಲೇ ಲ್ಯಾಬಿದೆ ಅಕ್ಕಾ. ಅವರು ಮಾಡಿದ್ದ ಕ್ಯಾಪು ಕುದುರ್ಲಿಲ್ಲ. ನಾನೇ ಕೂತು ತಿದ್ದಿದೆ. ನೋಡು.” ತುಟಿ ಎತ್ತಿ ತೋರಿಸಿದಳು. ಯಾವುದು ಹಳೆಯದು, ಯಾವುದು ಹೊಸದು ಎಂದು ಗೊತ್ತಾಗದಂತಿತ್ತು.

“ಚೆನ್ನಾಗಿದೆ. ಇನ್ಮೇಲೆ ಹೇಳದೆ ತಡ ಮಾಡ್ಬೇಡ,” ಅಂದೆ.

ಅವಳ ಮುಖದಲ್ಲಿದ್ದದ್ದು ಏನೋ ಆರಿತು. ದಣಿದಿರಬೇಕು.

ಫೆಬ್ರವರಿ ೨೬, ಬುಧವಾರ

ತಂಗಿ ಕೊಟ್ಟುಬಂದಿದ್ದ ಕೇಂದ್ರದ ನಂಬರಿಗೆ ಆ ಲ್ಯಾಬಿನ ಯಜಮಾನಿ ಕರೆ ಮಾಡಿದ್ದರು. “ನಿಮ್ಮ ತಂಗಿ ಇದ್ದಾರಾ? ಅಂಥ ಕೈ ನಾನು ನೋಡೇ ಇಲ್ಲಮ್ಮ. ಕೆಲಸಕ್ಕೆ ಬರ್ತಾರಾ ಕೇಳಿ.”

“ಅವಳಿಗೆ ಮೈ ಹುಷಾರಿಲ್ಲ. ಸದ್ಯಕ್ಕೆ ಆಗಲ್ಲ,” ಅಂದೆ.

ಯೋಚಿಸಿಯೇ ಹೇಳಿದ್ದು. ದಿನಾ ಬಸ್ಸು, ಗುರುತಿಲ್ಲದ ಜನ, ಬೀದಿ. ಅವನು ಎಲ್ಲಿ ಕಾದಿರುತ್ತಾನೋ ಯಾರು ಕಂಡರು? ಇನ್ನೂ ಸ್ವಲ್ಪ ದಿನ ಹೋಗಲಿ. ಇಲ್ಲಿ ಮರೆ ಮಾಡಲು ಅವಳು ಬೇಕು, ಅದು ಬೇರೆ ಮಾತು.

ಮಾರ್ಚ್ ೧, ಶನಿವಾರ

ಅವಳು ಸ್ನಾನಕ್ಕೆ ಹೋದಾಗ ಅವಳ ಫೋನ್ ನೋಡಿದೆ. ಅವನ ಧ್ವನಿಸಂದೇಶಗಳು ಸಾಲಾಗಿದ್ದವು. ಎಲ್ಲ ಅಳಿಸಿದೆ. ಒಂದನ್ನು ಮಾತ್ರ ಕೇಳಿದೆ. ಹಾಡಿದ್ದಾನೆ. ದನಿ ಚೆನ್ನಾಗಿದೆ, ಅದೇ ತೊಂದರೆ.

ಮಾರ್ಚ್ ೪, ಮಂಗಳವಾರ

ಅವನು ಬಂದ.

ನಾನು ಬಯಲಿನ ನಡುವೆ ಹಕ್ಕಿಯ ದಾರ ಹಿಡಿದು ಕೂತಿದ್ದೆ. ತಂಗಿ ದೂರದ ಏರಿಯ ಮೇಲೆ ಮರೆಗಳ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಏರಿಯ ತುದಿಯಲ್ಲಿ ಬಿಳಿ ಅಂಗಿಯೊಂದು ಕಾಣಿಸಿತು. ದುರ್ಬೀನು ತಿರುಗಿಸಿದೆ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೈಯಲ್ಲೊಂದು ಪೊಟ್ಟಣ. ತಂಗಿ ಎದ್ದು ನಿಂತಳು. ಓಡಲಿಲ್ಲ.

ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ಕೈಗಳು ಮಾತ್ರ ಕಾಣುತ್ತಿದ್ದವು. ಎರಡೂ ಕೈ ಚಾಚಿದ. ಎದೆ ಮುಟ್ಟಿಕೊಂಡ. ಪೊಟ್ಟಣ ಮುಂದೆ ಹಿಡಿದ. ಕಣ್ಣು ಒರೆಸಿಕೊಂಡ. ನೋಡುವವರಿಗೆ ಕರುಳು ಚುರುಕ್ಕೆನ್ನಬೇಕು, ಹಾಗೆ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು ಅವಳ ಮುಂಗೈ ಹಿಡಿದ.

ದಾರ ಬಿಟ್ಟು ಎದ್ದೆ. ಬಯಲಿನ ಏಡಿಗಳೆಲ್ಲ ಒಮ್ಮೆಗೇ ಬಿಲ ಸೇರಿದವು. ಓಡಿದೆ. ಹಲಗೆ ಹಾಕಿದ ದಾರಿಯಲ್ಲಿ ಹೋಗಬೇಕಿತ್ತು, ಅಡ್ಡ ಬಿದ್ದು ಓಡಿದೆ. ತೊಡೆಯವರೆಗೆ ಕೆಸರಿನಲ್ಲಿ ಹೂತುಹೋದೆ. ಕಿತ್ತಷ್ಟೂ ಇಳಿಯುತ್ತಿತ್ತು. “ಬಿಡೋ ಅವಳನ್ನ!” ಎಂದು ಕೂಗಿದೆ. ಗಾಳಿ ಎದುರಿಗಿತ್ತು, ನನ್ನ ದನಿ ನನಗೇ ವಾಪಸು ಬಂತು.

ಇಷ್ಟು ವರ್ಷ ಈ ಬಯಲಿನಲ್ಲಿ ಓಡಾಡಿದವಳು ಹುಲ್ಲುಗೊಂಬೆಯಂತೆ ನಿಂತು ನೋಡಬೇಕಾಯಿತು. ತಂಗಿ ಕೈ ಕೊಸರಿಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತ ಏನೋ ಹೇಳಿದಳು. ಉದ್ದದ ಮಾತಲ್ಲ. ಅವನು ಕೈ ಬಿಟ್ಟ. ಅವನ ದನಿ ಏರಿತೆಂದು ಕಾಣುತ್ತದೆ, ಕುತ್ತಿಗೆ ಮುಂದೆ ಬಂದಿತ್ತು. ಅವಳು ನಿಂತೇ ಇದ್ದಳು. ಆಮೇಲೆ ಅವನು ಪೊಟ್ಟಣವನ್ನು ಏರಿಯ ಕಲ್ಲಿನ ಮೇಲೆ ಎಸೆದು ಹೋದ. ನಾನು ಅಲ್ಲಾಡದೆ ಇದ್ದುದರಿಂದ ಸುತ್ತಲಿನ ಬಿಲಗಳಿಂದ ಏಡಿಗಳು ಒಂದೊಂದಾಗಿ ಹೊರಗೆ ಬಂದಿದ್ದವು.

ತಂಗಿ ಹಲಗೆ ತಂದು ಹಾಕಿ ನನ್ನನ್ನು ಎಳೆದು ತೆಗೆದಳು. ಒಂದು ಬೂಟು ಒಳಗೇ ಉಳಿಯಿತು.

“ಏನಂದ?”

“ಬದಲಾಗಿದ್ದೀನಿ ಅಂದ. ಬೇರೆ ಮನೆ ನೋಡಿದ್ದಾನಂತೆ. ಕೆಲಸಕ್ಕೂ ಕಳಿಸ್ತೀನಿ ಅಂದ.”

“ನೀನು?”

“ಕಳಿಸೋಕೆ ನೀನ್ಯಾರು ಅಂದೆ.” ಅವಳು ಹಲಗೆ ಎತ್ತಿ ಬದಿಗಿಟ್ಟಳು. “ಅಕ್ಕಾ, ನಾನಿಲ್ಲಿರೋದು ಅಮ್ಮ ಹೇಳಿದ್ರಂತೆ. ಅಮ್ಮಂಗೆ ಯಾರು ಹೇಳಿದ್ದು?”

ನಾನೇ ಅಂದೆ. ಕೆಸರು ತೊಳೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಮಾರ್ಚ್ ೫, ಬುಧವಾರ

ಬೆಳಗ್ಗೆ ಅವಳು ಲ್ಯಾಬಿಗೆ ತಾನೇ ಫೋನ್ ಮಾಡಿದಳು. ನಾನು ಅಡುಗೆಮನೆಯಲ್ಲಿದ್ದೆ. “ನಂಗೆ ಹುಷಾರಿಲ್ಲ ಅಂತ ಯಾರಂದ್ರು?” ಎಂದದ್ದು ಕೇಳಿಸಿತು.

ಬಂದು ಎದುರಿಗೆ ಕೂತಳು. ಕೂಗಾಡಿದ್ದರೆ ಚೆನ್ನಾಗಿತ್ತು.

“ನೀನು ಹೊರಗಿನಿಂದ ಬೀಗ ಹಾಕ್ತಿದ್ದೆ, ನಾನು ಸುಮ್ನಿದ್ದೆ. ಮೆಸೇಜು ಅಳಿಸ್ದೆ, ಅದೂ ಗೊತ್ತಾಯ್ತು, ಸುಮ್ನಿದ್ದೆ. ನಂಗೂ ಹೆದರಿಕೆ ಇತ್ತಲ್ಲ. ಇದನ್ನ ಯಾಕೆ ಮಾಡ್ದೆ?”

“ಅವನು ಬಂದೇ ಬಂದ್ನಲ್ಲ! ನಾನು ಹೆದರಿದ್ದು ಸುಳ್ಳಾ?”

“ಸುಳ್ಳಲ್ಲ. ಆದ್ರೆ ಅವನು ಬಂದಾಗ ನೀನು ಕೆಸರಲ್ಲಿದ್ದೆ. ನಿಂತಿದ್ದು ನಾನು.”

ಅವಳು ಮೇಜಿನ ಮೇಲಿದ್ದ ಪ್ಲಾಸ್ಟರಿನ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸಿದಳು.

“ಅಕ್ಕಾ, ಅಲ್ಲಿಂದ ಓಡಿಬಂದಾಗ ನಿನ್ನ ಮನೇನ ನಾನು ಆರಿಸ್ಕೊಂಡು ಬರ್ಲಿಲ್ಲ. ಕಣ್ಣಿಗೆ ಕಂಡಿದ್ದು ಇದೊಂದೇ. ಈಗ ಒಂದು ಸಲ ಆರಿಸ್ತೀನಿ.”

ಮಧ್ಯಾಹ್ನದ ಬಸ್ಸಿಗೆ ಹೋದಳು. ಬರುವಾಗ ತಂದಿದ್ದ ಅದೇ ಕೈಚೀಲ. ಲ್ಯಾಬಿನ ಯಜಮಾನಿ ಸದ್ಯಕ್ಕೆ ತಮ್ಮ ಮನೆಯಲ್ಲೇ ಇರಲು ಹೇಳಿದ್ದಾರಂತೆ. ಆಮೇಲೆ ಬಾಡಿಗೆ ಮನೆ ನೋಡಿಕೊಳ್ಳುತ್ತಾಳೆ. ನನ್ನ ಒಳ್ಳೆಯ ಶಾಲು ಕೊಟ್ಟೆ. ತೆಗೆದುಕೊಂಡಳು, ಅದೊಂದು ಸಮಾಧಾನ.

ಮಾರ್ಚ್ ೮, ಶನಿವಾರ

ಬಯಲಿಗೆ ಹೋಗಲಿಲ್ಲ. ಕಾಲು ನೋವು.

ಮಾರ್ಚ್ ೧೪, ಶುಕ್ರವಾರ

ಪ್ರೊಫೆಸರ್ ಫೋನ್ ಮಾಡಿ ಕೇಳಿದರು: “ಹಕ್ಕಿ ಎಳೆಯೋದು ನಿಲ್ಲಿಸಿದ್ದೀರಂತೆ, ಯಾಕೆ?” ಹೋಲಿಕೆಗೆ ಬೇಕು ಅಂದೆ. ಭಯವಿಲ್ಲದಾಗ ಹೆಣ್ಣು ಏನು ಮಾಡುತ್ತಾಳೆಂಬುದನ್ನು ನಾವು ಸರಿಯಾಗಿ ನೋಡಿಯೇ ಇಲ್ಲ. “ಅಷ್ಟೊಂದು ದಿನವಾ?” ಅಂದರು. ಹೌದು, ಇನ್ನೂ ಬೇಕು ಅಂದೆ.

ದಾರ ಸುತ್ತಿಟ್ಟ ಮೇಲೆ ನನಗೆ ಮಾಡಲು ಕೆಲಸವೇ ಇಲ್ಲ, ಸುಮ್ಮನೆ ಕೂರುವುದು. ಇವತ್ತು ಒಬ್ಬಳು ಬಂದಳು. ನಿಧಾನವೆಂದರೆ ನಿಧಾನ. ಒಂದು ಬಿಲಕ್ಕೆ ಇಣುಕಿದಳು, ಬಿಟ್ಟಳು. ಇನ್ನೊಂದರ ಒಳಗೆ ಹೋಗಿ, ಬಂದು, ಬಾಯಲ್ಲಿ ನಿಂತು ಕೆಸರು ತಿಂದಳು. ಅವನು ಕೈ ಬೀಸಿ ಬೀಸಿ ಸೋತ. ಎದ್ದು ನಿಂತ ಮರೆಯೊಂದರ ಪಕ್ಕದಲ್ಲೇ ಹಾದು, ಮರೆಯಿಲ್ಲದ ಒಬ್ಬನ ಬಿಲಕ್ಕೆ ಇಳಿದಳು. ಅವನಲ್ಲಿ ಏನು ಕಂಡಳೋ ನನಗೆ ಹೊಳೆಯಲಿಲ್ಲ. ಉಬ್ಬರ ಬೂಟಿಗೆ ತಾಕಿದಾಗಲೇ ಎದ್ದದ್ದು. ತಂಗಿ ಫೋನ್ ಮಾಡಿಲ್ಲ, ನಾನೂ ಮಾಡಲಿಲ್ಲ.

ಮಾರ್ಚ್ ೨೨, ಶನಿವಾರ

ನಿನ್ನೆ ಅವಳೇ ಫೋನ್ ಮಾಡಿ, “ನಾಳೆ ಲ್ಯಾಬಿನ ಹತ್ರ ಬಾ” ಅಂದಳು. ಹೋದೆ. ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಕೆಳಗೆ ಸಾಲಾಗಿ ಮೇಜುಗಳು, ಮೇಣದ ವಾಸನೆ, ಶೆಲ್ಫಿನ ತುಂಬ ಯಾರ್‍ಯಾರದೋ ದವಡೆಗಳ ಅಚ್ಚು. ತಂಗಿ ಸಣ್ಣ ಉರಿಯಲ್ಲಿ ಚಾಕು ಕಾಯಿಸಿ ಮೇಣ ತಿದ್ದುತ್ತಿದ್ದಳು. ನನ್ನನ್ನು ನೋಡಿಯೂ ಏಳಲಿಲ್ಲ. ಹಲ್ಲು ಮುಗಿಯುವವರೆಗೆ ನಿಂತಿದ್ದೆ.

ಯಜಮಾನಿ ಕನ್ನಡಕದ ಮೇಲಿನಿಂದ ನೋಡಿ, “ಏನಮ್ಮ, ಈಗ ಹುಷಾರಾಗಿದ್ದೀರಾ?” ಎಂದು ನನ್ನನ್ನೇ ಕೇಳಿದರು. ಪರವಾಗಿಲ್ಲ ಅಂದೆ.

ಸಂಜೆ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿದೆವು. ವಕೀಲರನ್ನು ನೋಡಿದ್ದಾಳಂತೆ. ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದಾಳೆ. ಕಿಟಕಿ ದೊಡ್ಡದಿದೆ, ನೀರು ಬೆಳಗ್ಗೆ ಮಾತ್ರ ಬರುತ್ತದೆ. ಇಷ್ಟನ್ನೂ ಅವಳೇ ಹೇಳಿದಳು. “ಯಾವ ಬೀದಿ?” ಎಂದು ಕೇಳಿದೆ.

ಲೋಟ ಕೆಳಗಿಟ್ಟಳು. “ಬೇಜಾರು ಮಾಡ್ಕೋಬೇಡ ಅಕ್ಕಾ. ನಿಂಗೆ ಗೊತ್ತಾದ್ರೆ ಅಮ್ಮಂಗೆ ಗೊತ್ತಾಗುತ್ತೆ. ಅಮ್ಮಂಗೆ ಗೊತ್ತಾದ್ರೆ ಅವನಿಗೆ. ಒಂದು ಭಾನುವಾರ ಊಟಕ್ಕೆ ನಾನೇ ಕರೀತೀನಿ. ಬಂದು ಕರ್ಕೊಂಡು ಹೋಗ್ತೀನಿ.”

ಬೇಜಾರಾಯಿತು. ಆಗಲಿಲ್ಲ ಅಂದೆ.

ಬೀದಿದೀಪ ಹತ್ತುವ ಹೊತ್ತು. ನನ್ನ ಬಸ್‌ಸ್ಟಾಪಿನವರೆಗೆ ಬಂದು, ಭುಜ ಹಿಡಿದು ಅದುಮಿ, ತಿರುಗಿ ನಡೆದಳು. ಅವಳ ಹಿಂದೆಯೇ ಒಬ್ಬ ಎತ್ತರದ ಮನುಷ್ಯ ಹೊರಟ. ನಾಲ್ಕು ಹೆಜ್ಜೆ ಹೋಗಿಯೇಬಿಟ್ಟೆ. ಅವನು ಔಷಧಿ ಅಂಗಡಿಗೆ ಹೊಕ್ಕ. ಅವಳು ಇನ್ನೂ ಕಾಣುತ್ತಿದ್ದಳು, ಮೂಲೆಗೆ ಹತ್ತಿರವಾಗಿದ್ದಳು. ಇನ್ನೊಂದಿಷ್ಟು ನಡೆದರೆ ಯಾವ ಕಡೆ ತಿರುಗುತ್ತಾಳೆಂದು ತಿಳಿಯುತ್ತಿತ್ತು. ಬಸ್ಸು ಬಂದು ನಿಂತಿತು. ಹತ್ತಿದೆ.

ಸೀಟು ಸಿಕ್ಕಿ ಕೂರುವಷ್ಟರಲ್ಲಿ ಅಮ್ಮನ ಫೋನ್.

“ಅವಳನ್ನ ನೋಡ್ದ್ಯಾ? ಎಲ್ಲಿ ಮನೆ ಮಾಡಿದ್ದಾಳೆ? ಅವನಿಲ್ಲಿ ಬಂದು ಕೂತಿದ್ದಾನೆ ಕಣೇ, ಊಟಾನೂ ಮಾಡಿಲ್ಲ.”

“ಗೊತ್ತಿಲ್ಲಮ್ಮ.”

“ನಿಂಗೆ ಗೊತ್ತಿಲ್ದೆ ಇರುತ್ತಾ? ಅಮ್ಮನ ಹತ್ರಾನೂ ಸುಳ್ಳಾ?”

“ಸುಳ್ಳಲ್ಲ. ನಿಜವಾಗ್ಲೂ ಗೊತ್ತಿಲ್ಲ.”

ಆ ಕಡೆ ಗುಸುಗುಸು. ಫೋನ್ ಕೈ ಬದಲಾಯಿತು. “ಅಕ್ಕಾ, ನಾನು. ದಯವಿಟ್ಟು ಒಂದೇ ಒಂದು ಸಲ ಹೇಳಿ, ಅವಳು ಎಲ್ಲಿ…”

“ಗೊತ್ತಿಲ್ಲ ಕಣಪ್ಪ,” ಅಂದೆ. “ಅಮ್ಮಂಗೆ ಊಟ ಮಾಡೋಕೆ ಹೇಳು. ನೀನು ಎದ್ದು ಹೋಗು ಅಲ್ಲಿಂದ.”

ಫೋನ್ ಇಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದಳು. ಬಸ್ಸು ಪಟ್ಟಣ ದಾಟಿತು. ಒಂದು ಭಾನುವಾರ ಅಂದಿದ್ದಾಳೆ. ಯಾವ ಭಾನುವಾರ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.